ಬಾಯಿಗೆ ಒಂದು ಹನಿ ನೀರು

"ನಾನು ಐಸಿಯುನಲ್ಲಿ ಸ್ಟಾಫ್ ನರ್ಸ್, ಆರು ವರ್ಷದ ಸರ್ವಿಸ್. ಹೋದ ತಿಂಗಳು ನೈಟ್ ಡ್ಯೂಟಿಯಲ್ಲಿದ್ದಾಗ ಒಬ್ಬರ ಹೃದಯ ನಿಂತಿತು. ಅವರ ಹೆಂಡತಿ ಮಂಚದ ಕಂಬಿ ಹಿಡಿದು ನಿಂತಿದ್ದರು. ನಾನೇ ಅವರ ಬೆರಳು ಬಿಡಿಸಿ, ಹೊರಗೆ ಕಳಿಸಿ ಬಾಗಿಲು ಹಾಕಿದೆ. ನಲವತ್ತು ನಿಮಿಷ ಸಿಪಿಆರ್ ಕೊಟ್ಟೆವು, ಉಳಿಯಲಿಲ್ಲ. ಬಾಗಿಲು ತೆಗೆದಾಗ ಆಕೆ ಕೇಳಿದ್ದು ಒಂದೇ ಮಾತು: 'ಬಾಯಿಗೆ ಒಂದು ಹನಿ ನೀರು ಬಿಡೋಕಾದ್ರೂ ಕರೀಬಾರದಿತ್ತಾ ಸಿಸ್ಟರ್?' ಅಂದಿನಿಂದ ನಿದ್ದೆ ಇಲ್ಲ. ಮಗುವಿಗೆ ನೀರು ಕುಡಿಸುವಾಗಲೂ ಅದೇ ಮಾತು ಕೇಳಿಸುತ್ತೆ. ನಾನು ಮಾಡಿದ್ದು ತಪ್ಪಾ?"
– ಹೆಸರು, ಊರು ಬೇಡ

ಸಿಸ್ಟರ್, 'ಬೆರಳು ಬಿಡಿಸಿ' ಎಂದು ಬರೆದಿದ್ದೀರಲ್ಲ, ಅಲ್ಲಿಗೆ ಬಂದಾಗ ನಾನು ಸ್ವಲ್ಪ ಹೊತ್ತು ಮುಂದೆ ಓದಲಿಲ್ಲ. ಆ ಹಿಡಿತ ಇನ್ನೂ ನಿಮ್ಮ ಕೈಯಲ್ಲೇ ಇದೆ. ಅವತ್ತು ಸಿಪಿಆರ್ ನಿಲ್ಲಿಸಿದ ಮೇಲೆ ನೀವು ಕೇಸ್ ಶೀಟ್ ಬರೆದಿರುತ್ತೀರಿ, ಪಕ್ಕದ ಬೆಡ್ಡಿನ ಡ್ರಿಪ್ ನೋಡಿರುತ್ತೀರಿ, ಬೆಳಿಗ್ಗೆ ಬಸ್ ಹತ್ತಿ ಮನೆಗೆ ಹೋಗಿ ಅಡುಗೆ ಮಾಡಿರುತ್ತೀರಿ. 'ನಿನಗೆ ಹೇಗಿದೆ?' ಎಂದು ಕೇಳಿದವರು ಯಾರೂ ಇರಲಿಕ್ಕಿಲ್ಲ. ಹಾಗಿರುವಾಗ ನಿದ್ದೆ ಬಾರದಿದ್ದರೆ ಆಶ್ಚರ್ಯವಿಲ್ಲ.

ತಪ್ಪಾ ಎಂದು ಕೇಳಿದ್ದೀರಿ. ಆ ಹೊತ್ತಿನಲ್ಲಿ ನಿಮ್ಮ ಮುಂದೆ ಏನಿತ್ತು ನೆನಪಿಸಿಕೊಳ್ಳಿ. ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರಿನಷ್ಟು ಆಳಕ್ಕೆ ಎದೆ ಒತ್ತಬೇಕು. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಗಬೇಕು. ಒಬ್ಬರು ಇಂಜೆಕ್ಷನ್, ಒಬ್ಬರು ಲೆಕ್ಕ. ಒತ್ತುವಾಗ ಪಕ್ಕೆಲುಬು ಮುರಿಯುವುದೂ ಉಂಟು. ಇದನ್ನು ಹೆಂಡತಿಯಾದವಳು ನೋಡಬಾರದು ಎಂದು ನಿಮಗೆ ಕಲಿಸಿದ್ದರು, ನಿಮಗೂ ಹಾಗೇ ಅನ್ನಿಸಿತು. ಬಾಗಿಲು ಹಾಕಿಸಿದ್ದು ನಿಮ್ಮ ಕರುಣೆಯೇ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ಹಾಗೆಂದೇ ನಂಬಿದ್ದೇನೆ.

ಆದರೆ ಮನೆಯವರು ನೋಡಿದರೆ ತಡೆದುಕೊಳ್ಳಲಾರರು ಎಂಬ ಆ ಪಾಠವನ್ನೇ ಈಗ ಮತ್ತೆ ನೋಡಬೇಕಾಗಿದೆ. ಅಮೆರಿಕದ ಮಿಷಿಗನ್ ರಾಜ್ಯದ ಜಾಕ್ಸನ್ ಎಂಬ ಊರಿನ ಫೂಟ್ ಆಸ್ಪತ್ರೆಯಲ್ಲಿ 1982ರಲ್ಲೇ ಈ ಪ್ರಶ್ನೆ ಎದ್ದಿತ್ತು. ಹೊರಗೆ ಹೋಗಲು ಒಪ್ಪದ ಮನೆಯವರನ್ನು ಕಂಡ ಅಲ್ಲಿನ ಸಿಬ್ಬಂದಿ, ತಮ್ಮವರನ್ನು ಹಾಗೆ ಕಳೆದುಕೊಂಡಿದ್ದ ಹದಿನೆಂಟು ಕುಟುಂಬದವರನ್ನು ವಿಚಾರಿಸಿದರು. ಹದಿಮೂರು ಮಂದಿ, ಒಳಗಿರಲು ಬಿಟ್ಟಿದ್ದರೆ ಇರುತ್ತಿದ್ದೆವು ಅಂದರು. 2013ರಲ್ಲಿ ಫ್ರಾನ್ಸಿನ ವೈದ್ಯರು 570 ಸಂಬಂಧಿಕರ ಅಧ್ಯಯನವೊಂದನ್ನು ಪ್ರಕಟಿಸಿದರು. ಅದು ಮನೆಗಳಲ್ಲೇ ನಡೆದ ಸಿಪಿಆರ್. ಇರುತ್ತೀರಾ ಎಂದು ಕೇಳಿಸಿಕೊಂಡವರಿಗಿಂತ, ಹಾಗೆ ಯಾರೂ ಕೇಳದೇ ಹೋದವರಲ್ಲೇ ಮೂರು ತಿಂಗಳ ನಂತರ ಮನಸ್ಸಿನ ಆಘಾತದ ಲಕ್ಷಣಗಳು ಹೆಚ್ಚಿದ್ದವು. ಮನೆಯವರು ಇದ್ದುದರಿಂದ ಚಿಕಿತ್ಸೆ ಕೆಡಲಿಲ್ಲ, ತಂಡದವರ ಒತ್ತಡವೂ ಹೆಚ್ಚಲಿಲ್ಲ.

ಎಲ್ಲರನ್ನೂ ಒಳಗೆ ಬಿಡಬೇಕು ಎಂದು ಇದರ ಅರ್ಥವಲ್ಲ. ಬೇಡ ಅನ್ನುವವರಿಗೆ ಬಲವಂತ ಮಾಡಬಾರದು. ಕೈ ಎತ್ತುವವರನ್ನು ಹೊರಗೆ ಕಳಿಸಲೇಬೇಕು. ನಮ್ಮ ಆಸ್ಪತ್ರೆಗಳಲ್ಲಿ ಸಿಬ್ಬಂದಿಗೆ ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ನಿಮ್ಮ ಪತ್ರ ಓದಿ ನನ್ನನ್ನು ಕಾಡಿದ್ದು ಬೇರೆ. ಆ ನಲವತ್ತು ನಿಮಿಷ ಬಾಗಿಲ ಆಚೆ ಆಕೆಯ ಪಕ್ಕದಲ್ಲಿ ಯಾರೂ ಇರಲಿಲ್ಲ. ಅದು ನಿಮ್ಮೊಬ್ಬರ ಲೋಪ ಹೇಗಾದೀತು? ಆ ಕೆಲಸ ಯಾರದು ಎಂದು ನಿಮ್ಮ ವಾರ್ಡಿನಲ್ಲಿ ಯಾರೂ ಗೊತ್ತುಮಾಡಿರಲಿಲ್ಲ.

ಅದನ್ನು ಗೊತ್ತುಮಾಡಿಸಲು ನಿಮ್ಮಿಂದಾಗುತ್ತದೆ. ಇನ್‌ಚಾರ್ಜ್ ಸಿಸ್ಟರ್ ಜೊತೆ, ಸಾಧ್ಯವಾದರೆ ಡಾಕ್ಟರನ್ನೂ ಕೂರಿಸಿಕೊಂಡು ಮಾತಾಡಿ. ಸಿಪಿಆರ್ ಶುರುವಾದೊಡನೆ ಮನೆಯವರ ಹತ್ತಿರ ಹೋಗುವವರು ಯಾರು ಎಂಬುದು ಪ್ರತಿ ಶಿಫ್ಟಿನಲ್ಲೂ ಮೊದಲೇ ಗೊತ್ತಿರಲಿ. ಅವರು ಹೇಳಬೇಕಾದ್ದು ಇಷ್ಟೇ: "ಅಮ್ಮಾ, ಯಜಮಾನರ ಹೃದಯ ನಿಂತಿದೆ, ಎದೆ ಒತ್ತುತ್ತಾ ಇದ್ದೀವಿ. ಇಲ್ಲೇ ನಿಲ್ತೀರಾ, ಹೊರಗೆ ಕೂರ್ತೀರಾ? ಎಲ್ಲಿದ್ರೂ ನಾನು ನಿಮ್ಮ ಜೊತೆ ಇರ್ತೀನಿ." ರಾತ್ರಿ ಇಬ್ಬರೇ ಇದ್ದಾಗ ಇದು ಆಗದ ಮಾತು, ಗೊತ್ತು. ಆಗ ಆಯಾ ಆದರೂ ಸರಿ, ಬಾಗಿಲು ತೆರೆದು ನಡುನಡುವೆ ಒಂದು ಮಾತು ಹೇಳಲಿ. ಡಾಕ್ಟರು ಒಪ್ಪದಿದ್ದರೆ ಜಗಳ ಬೇಡ, ಇಷ್ಟನ್ನಾದರೂ ಕೇಳಿ ಪಡೆಯಿರಿ.

ಇನ್ನು ಆ ನೀರು. ಸಿಪಿಆರ್ ನಡೆಯುವಾಗ ಬಾಯಿಗೆ ನೀರು ಬಿಟ್ಟರೆ ಶ್ವಾಸನಾಳಕ್ಕೆ ಹೋಗುತ್ತದೆ. ನೀವು ಬಿಡದೇ ಇದ್ದದ್ದು ಸರಿಯೇ. ಆದರೆ ಇನ್ನಾಗದು ಎಂದು ಡಾಕ್ಟರು ಹೇಳಿದ ಮೇಲೆ, ಬಟ್ಟೆ ಸುತ್ತುವ ಮೊದಲು, ಹತ್ತು ನಿಮಿಷ ಇರುತ್ತದೆ. ಮುಖ ಒರೆಸಿ, ಕೂದಲು ಸರಿಮಾಡಿ ಮನೆಯವರನ್ನು ಕರೆಯಿರಿ. ತುಟಿ ಒದ್ದೆ ಮಾಡಲಿ, ತುಳಸಿ ಇಡಲಿ, ಕೈ ಹಿಡಿದು ಕೂರಲಿ. ಅವರವರ ಪದ್ಧತಿ ಏನಿದೆಯೋ ಅದು ನಡೆಯಲಿ.

ಆಕೆಯನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಬೇಡಿ; ನಿಮ್ಮ ಭಾರವೂ ಅವರ ಮೇಲೆ ಬಿದ್ದೀತು. ಕಾಗದಪತ್ರಕ್ಕೆಂದು ಬಂದಾಗ ಸಿಕ್ಕಿದರೆ, ಅವರು ಕಾಣದೇ ಹೋದದ್ದನ್ನು ಹೇಳಿ: "ಅವರು ಒಂಟಿಯಾಗಿರಲಿಲ್ಲ ಅಮ್ಮಾ, ಕೊನೇವರೆಗೂ ಅವರ ಮೇಲೆ ನಮ್ಮ ಕೈ ಇತ್ತು." ಅವರ ಮಾತನ್ನು ನೀವು ಆರೋಪ ಎಂದುಕೊಂಡಿದ್ದೀರಿ. ನನಗೆ ಅದರಲ್ಲಿ ಸಂಕಟವೊಂದೇ ಕೇಳಿಸಿತು.

ಹೀಗೆ ಬಾಗಿಲ ಹೊರಗೆ ನಿಂತವರೂ ಇದನ್ನು ಓದುತ್ತಿರುತ್ತೀರಿ. ಒಳಗೆ ಏನಾಯಿತು ಎಂದು ವಾರ್ಡಿಗೆ ಹೋಗಿ ಕೇಳಲು ಸಂಕೋಚಪಡಬೇಡಿ. ತಿಂಗಳುಗಳು ಕಳೆದಿದ್ದರೂ ಕೇಳಬಹುದು.

ಸಿಸ್ಟರ್, ತಿಂಗಳಿಂದ ನಿದ್ದೆ ಇಲ್ಲ ಅಂದಿರಿ. ಇಷ್ಟು ದಿನವಾದ ಮೇಲೆ ಇದನ್ನು ಒಬ್ಬರೇ ನುಂಗಿಕೊಳ್ಳುವುದು ಬೇಡ. ಟೆಲಿ ಮಾನಸ್‌ನ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ಬದುಕೇ ಬೇಡ ಅನ್ನಿಸಿದರೆ ಅವತ್ತೇ ಹೋಗಿ. ಇನ್‌ಚಾರ್ಜ್ ಸಿಸ್ಟರ್ ಜೊತೆಗಿನ ಮಾತು ಒಂದು ವಾರ ತಡವಾದರೂ ಪರವಾಗಿಲ್ಲ, ಮೊದಲು ಈ ಕರೆ ಮಾಡಿ. ನನಗೆ ಬರೆದ ಸಾಲುಗಳನ್ನೇ ಅವರಿಗೂ ಓದಿ ಹೇಳಿದರೆ ಸಾಕು.