ಕೊಡಪಾನ ತುಂಬುವವರೆಗೆ

ಆಗ ನಾನು ಕಾಲೇಜಿನಲ್ಲಿ ಓದುತ್ತಿದ್ದೆ. ಬೇಸಿಗೆಯ ಆರಂಭದಲ್ಲಿ ನಮ್ಮಲ್ಲಿ ಒಬ್ಬೊಬ್ಬರನ್ನು ಒಂದೊಂದು ಊರಿಗೆ ಅಧ್ಯಯನಕ್ಕೆಂದು ಕಳುಹಿಸಿದರು. ನನ್ನ ಪಾಲಿಗೆ ಬಂದದ್ದು ಕಾಸರಗೋಡು ಜಿಲ್ಲೆಯ ಬಾಯಾರಿನ ಕಡೆಯ ಒಂದು ಗುಡ್ಡದ ಊರು. ಅಲ್ಲಿನ ಸುರಂಗಗಳ ಲೆಕ್ಕ ತೆಗೆಯುವುದು ನನ್ನ ಕೆಲಸ.

ಸುರಂಗವೆಂದರೆ ರೈಲು ಹೋಗುವ ಸುರಂಗವಲ್ಲ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ಮಾಡಿದ ನೀರಿನ ದಾರಿ. ಒಬ್ಬ ಮನುಷ್ಯ ತುಸು ಬಗ್ಗಿ ನಡೆಯುವಷ್ಟು ಎತ್ತರ, ಸುಮಾರು ಎರಡು ಅಡಿ ಅಗಲ. ಕೆಲವು ಹತ್ತಾರು ಅಡಿಗೇ ಮುಗಿಯುತ್ತವೆ, ಕೆಲವು ನೂರಾರು ಅಡಿ ಒಳಗೆ ಹೋಗುತ್ತವೆ. ಕಲ್ಲಿನಿಂದ ಒಸರುವ ನೀರು ತಾನಾಗಿಯೇ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಬಾವಿಯಂತೆ ಸೇದಬೇಕಾಗಿಯೂ ಇಲ್ಲ. ಇಂದು ಆ ಕಡೆ ಕೊಳವೆ ಬಾವಿಗಳು ಹೆಚ್ಚಿವೆ. ಆದರೂ ಹಲವು ಸುರಂಗಗಳಲ್ಲಿ ಇನ್ನೂ ನೀರು ಹರಿಯುತ್ತದೆ.

ನನ್ನ ಬಳಿ ಪ್ರಶ್ನೆಗಳ ಹಾಳೆಗಳಿದ್ದವು. ಸುರಂಗದ ಉದ್ದವೆಷ್ಟು? ತೋಡಿದವರು ಯಾರು? ವರ್ಷವಿಡೀ ನೀರಿದೆಯೇ? ಮೊದಲ ದಿನ ಬೆಳಿಗ್ಗೆಯೇ, ನಾನು ಉಳಿದುಕೊಂಡಿದ್ದ ಮನೆಯೂ ಸೇರಿ ಏಳು ಮನೆಗಳ ಹಾಳೆ ತುಂಬಿಸಿದೆ. ನೀರಿದೆಯೇ ಎಂದರೆ ಎಲ್ಲರದೂ ಒಂದೇ ಉತ್ತರ. ‘ಹೌದು’ ಎಂಬಲ್ಲಿ ಗುರುತು ಹಾಕಿದೆ. ಹತ್ತು ಗಂಟೆಯಾಗುತ್ತಲೇ ಊರೆಲ್ಲ ತೋಟಕ್ಕೆ ಇಳಿಯಿತು. ಮತ್ತೆ ಜನ ಮಾತಿಗೆ ಸಿಗುವುದು ಸಂಜೆಯೇ.

ಅಷ್ಟು ಹೊತ್ತು ಏನು ಮಾಡಲಿ? ಜಗಲಿಯಲ್ಲಿ ಕುಳಿತೆ. ತಂದಿದ್ದ ಒಂದೇ ಪುಸ್ತಕ ಎರಡು ದಿನದಲ್ಲಿ ಮುಗಿಯಿತು. ಅಂಗಳದಿಂದ ಕಾಣುವ ಅಡಿಕೆ ಮರಗಳನ್ನು ಎಣಿಸಿದೆ. ಎಣಿಕೆ ತಪ್ಪಿತು, ಮತ್ತೆ ಎಣಿಸಿದೆ. ಮೂರನೆಯ ದಿನ ಮನೆಗೆ ಮರಳುವ ಬಸ್ಸು ಎಷ್ಟು ಗಂಟೆಗೆಂದು ವಿಚಾರಿಸಿಯೂ ಬಿಟ್ಟೆ!

ಅಂದು ಮಧ್ಯಾಹ್ನ ಆ ಮನೆಯ ಅಜ್ಜಿ ಕೊಡಪಾನ ಹಿಡಿದು ಹಿತ್ತಿಲಿನ ಸುರಂಗದತ್ತ ಹೊರಟರು. ಬೇರೆ ಕೆಲಸವಿಲ್ಲದ ನಾನೂ ಹಿಂದೆಯೇ ಹೋದೆ. ಸುರಂಗದ ಬಾಯಿಯಿಂದ ಅಡಿಕೆ ಮರದ ದಂಬೆಯಲ್ಲಿ ನೀರು ಬರುತ್ತಿತ್ತು. ಪೆನ್ಸಿಲಿನಷ್ಟು ದಪ್ಪದ ಧಾರೆ. ಅಜ್ಜಿ ಕೊಡಪಾನವನ್ನು ಅದರ ಕೆಳಗಿಟ್ಟು, ಕಲ್ಲಿನ ಮೇಲೆ ಕುಳಿತು ವೀಳ್ಯದೆಲೆಗೆ ಸುಣ್ಣ ಹಚ್ಚತೊಡಗಿದರು.

“ತುಂಬಲು ಎಷ್ಟು ಹೊತ್ತು ಬೇಕು ಅಜ್ಜಿ?”

“ಈಗ ಒಂದು ವೀಳ್ಯ ಜಗಿದು ಮುಗಿಯುವಷ್ಟು. ಬಿಸುವಿನ ಹೊತ್ತಿಗೆ ಎರಡು ವೀಳ್ಯ ಬೇಕು ಮಗಾ. ಮಳೆಗಾಲದಲ್ಲಾದರೆ ಎಲೆ ಕೈಗೆ ತೆಗೆಯುವ ಮೊದಲೇ ತುಂಬುತ್ತದೆ.”

ನಾನು ಕೈಗಡಿಯಾರ ನೋಡಿದೆ. 10 ಲೀಟರಿನ ಕೊಡಪಾನ ತುಂಬಲು 12 ನಿಮಿಷ ಬೇಕಾಯಿತು. ಗಂಟೆಗೆ 5 ಕೊಡಪಾನ, ಅಂದರೆ 50 ಲೀಟರ್. ದಿನಕ್ಕೆ 1,200 ಲೀಟರ್. ರಾತ್ರಿ ಹರಿದ ನೀರು ಕೆಳಗಿನ ತೊಟ್ಟಿಯಲ್ಲಿ ನಿಂತು ಬೆಳಿಗ್ಗೆ ತೋಟಕ್ಕೆ ಹೋಗುತ್ತಿತ್ತು. ಬಿಸುವಿನ ಹೊತ್ತಿಗೆ ಇದು ಅರ್ಧವಾಗುತ್ತದೆ. ಆಗ ಕೇಳಿದರೂ ಅಜ್ಜಿ ‘ನೀರಿದೆ’ ಎಂದೇ ಹೇಳುವರು. ಅದು ಸುಳ್ಳೂ ಅಲ್ಲ.

ಮರುದಿನವೂ ಅಜ್ಜಿಯ ಜೊತೆ ಹೋದೆ. ಅಂದು ಅವರು ಸುರಂಗ ತೋಡಿದ ಕಥೆ ಹೇಳಿದರು. ಅಜ್ಜ ಪಿಕ್ಕಾಸು ಹಿಡಿದು ಒಳಗೆ ಹೋಗುತ್ತಿದ್ದರಂತೆ. ಪಕ್ಕದಲ್ಲಿ ಉರಿಯುವ ಮೇಣದ ಬತ್ತಿ. ಉಸಿರಾಟಕ್ಕೆ ಬೇಕಾದ ಗಾಳಿ ಕಡಿಮೆಯಾದರೆ ಬತ್ತಿ ನಂದುತ್ತದೆ. ಕೂಡಲೇ ಹೊರಗೆ ಬರಬೇಕು. ಅಜ್ಜಿ ಇದೇ ಕಲ್ಲಿನ ಮೇಲೆ ಕುಳಿತು ಕಾಯುತ್ತಿದ್ದರು. ಬುಟ್ಟಿಯಲ್ಲಿ ಬಂದ ಮಣ್ಣನ್ನು ಹೊತ್ತು ದೂರ ಹಾಕುತ್ತಿದ್ದರು.

“ಪಿಕ್ಕಾಸಿನ ಸದ್ದು ಕೇಳುತ್ತಿದ್ದರೆ ಧೈರ್ಯ. ಸದ್ದು ನಿಂತರೆ ಬಾಗಿಲಲ್ಲಿ ನಿಂತು ಕೂಗುತ್ತಿದ್ದೆ. ಒಳಗಿನಿಂದ ‘ಓ’ ಎಂದರೆ ಮಾತ್ರ ಮತ್ತೆ ಕುಳಿತುಕೊಳ್ಳುತ್ತಿದ್ದೆ. ಎರಡು ಬೇಸಿಗೆ ಹೀಗೇ ಕಳೆಯಿತು ಮಗಾ.”

‘ತೋಡಿದವರು ಯಾರು?’ ಎಂಬಲ್ಲಿ ನಾನು ಅಜ್ಜನ ಹೆಸರನ್ನು ಮಾತ್ರ ಬರೆದಿದ್ದೆ. ರಾತ್ರಿ ಚಿಮಿಣಿ ದೀಪದ ಬೆಳಕಿನಲ್ಲಿ ಅದರ ಪಕ್ಕ ಅಜ್ಜಿಯ ಹೆಸರನ್ನೂ ಬರೆದೆ. ‘ಹೌದು’ ಎಂಬ ಗುರುತಿನ ಮುಂದೆ ನಿಮಿಷಗಳನ್ನು ಬರೆದೆ. ಉಳಿದ ಆರು ಹಾಳೆಗಳಲ್ಲಿ ಬರೀ ಗುರುತುಗಳಿದ್ದವು.

ಬೆಳಗಾಯಿತು. ಬಸ್ಸಿನ ಯೋಚನೆ ಬಿಟ್ಟು, ಅಜ್ಜಿಯಿಂದ ಕೊಡಪಾನವನ್ನು ಕೇಳಿ ಪಡೆದು ಮತ್ತೆ ಅದೇ ಮನೆಗಳ ಕಡೆಗೆ ಹೊರಟೆ.

ಮಾಡಿ ನೋಡಿರಿ: ನಿಮ್ಮ ಮನೆಯ ಕೊಡಪಾನ ತುಂಬಲು ಎಷ್ಟು ನಿಮಿಷ ಬೇಕು? ಈ ತಿಂಗಳು ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಅಳೆದು ಬರೆಯಿರಿ. ನೀರು ತುಂಬುವವರೆಗೆ ಕಾಯುವವರು ಯಾರೆಂಬುದನ್ನೂ ಬರೆಯಿರಿ. (ಸುರಂಗವಿದ್ದರೆ ಹೊರಗಿನಿಂದಲೇ ನೋಡಿರಿ, ಒಳಗೆ ಹೋಗಬೇಡಿರಿ.)