ಎರಡು ಮಾತ್ರೆ, ಒಂದು ಕಿಣ್ವ

ಕಳೆದ ತಿಂಗಳು ಪ್ರಥಮ ಪಿಯುಸಿಗೆ ಇಸಿಜಿ ಪಾಠ ಮುಗಿಸಿ ಹೊರಬರುವಾಗ ಹಾಸ್ಟೆಲ್‌ನ ಹುಡುಗನೊಬ್ಬ ಬಾಗಿಲಲ್ಲೇ ತಡೆದ. "ಸರ್, ಹುಳುಕಡ್ಡಿಗೆ ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ, ದಿನಾ ನುಂಗ್ತಿದ್ದೇನೆ. ಈಗ ವಿಪರೀತ ಸೀನು. ರೂಮ್‌ಮೇಟ್ ಹತ್ರ ಅಲರ್ಜಿ ಮಾತ್ರೆ ಇದೆ. ತಗೊಳ್ಬಹುದಾ?" ನಾನು ವೈದ್ಯನಲ್ಲ, ಅವರನ್ನೇ ಕೇಳು ಎಂದು ಕಳುಹಿಸಿದೆ. ಆದರೆ ಆ ಪ್ರಶ್ನೆ ಸಣ್ಣದಲ್ಲ. ಅದರ ಉತ್ತರ ನಾವು ಅಂದು ಓದಿದ ಪಾಠದಲ್ಲೇ ಇದೆ.

ಟರ್ಫೆನಡೀನ್ ಎಂಬ ಅಲರ್ಜಿ ಮಾತ್ರೆಗೆ 1985ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹಳೆಯ ಮಾತ್ರೆಗಳಂತೆ ಇದು ತೂಕಡಿಕೆ ತರುತ್ತಿರಲಿಲ್ಲ, ಹಾಗಾಗಿ ಲಕ್ಷಾಂತರ ಜನ ನುಂಗಿದರು. 1990ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ 39 ವರ್ಷದ ಮಹಿಳೆಯೊಬ್ಬರ ವರದಿ ಬಂತು. ಮಾಮೂಲಿ ಪ್ರಮಾಣದಲ್ಲೇ ಟರ್ಫೆನಡೀನ್ ತೆಗೆದುಕೊಳ್ಳುತ್ತಿದ್ದ ಅವರು ಶಿಲೀಂಧ್ರದ ಸೋಂಕಿಗೆ ಕೀಟೋಕೊನಜೋಲ್ ಕೂಡ ನುಂಗಿದ್ದರು. ತಲೆ ಸುತ್ತಿ ಪ್ರಜ್ಞೆ ತಪ್ಪಿತು. ಇಸಿಜಿಯಲ್ಲಿ ಕಂಡದ್ದು ಹಗ್ಗ ಹೊಸೆದಂತೆ ತಿರುಚಿಕೊಂಡ ಅಲೆಗಳು. ವೈದ್ಯರು ಅದನ್ನು ಟೊರ್ಸಾಡ್ ಡ ಪ್ವಾಂಟ್ ಎನ್ನುತ್ತಾರೆ. ನಿಲ್ಲದಿದ್ದರೆ ಪ್ರಾಣಕ್ಕೇ ಅಪಾಯ.

ಏನಾಯಿತು? ಹೃತ್ಕುಕ್ಷಿ ಸಂಕುಚಿಸಿದ ಮೇಲೆ ಅದರ ಜೀವಕೋಶಗಳಿಂದ ಪೊಟ್ಯಾಸಿಯಂ ಅಯಾನುಗಳು ಹೊರಹೋಗಬೇಕು. ಆಗಲೇ ಕೋಶ ಮುಂದಿನ ಬಡಿತಕ್ಕೆ ಸಿದ್ಧ. ನೀವು ಪರೀಕ್ಷೆಯಲ್ಲಿ ಬರೆಯುವ ಟಿ ಅಲೆ ಇದೇ. ಟರ್ಫೆನಡೀನ್ ಆ ಪೊಟ್ಯಾಸಿಯಂ ದಾರಿಯನ್ನೇ ಮುಚ್ಚುತ್ತದೆ. ಕ್ಯೂಟಿ ಅಂತರ ಉದ್ದವಾಗುತ್ತದೆ, ಲಯ ಕೆಡುತ್ತದೆ. ಹಾಗಾದರೆ ಉಳಿದ ಲಕ್ಷಾಂತರ ಜನರಿಗೆ ಏಕೆ ಏನೂ ಆಗಲಿಲ್ಲ? ಕರುಳು ಮತ್ತು ಯಕೃತ್ತಿನಲ್ಲಿರುವ ಸಿವೈಪಿ3ಎ4 ಎಂಬ ಕಿಣ್ವ ಈ ಔಷಧವನ್ನು ರಕ್ತ ಸೇರುವ ಮೊದಲೇ ಹೆಚ್ಚುಕಡಿಮೆ ಪೂರ್ತಿಯಾಗಿ ಬೇರೆ ವಸ್ತುವಾಗಿ ಬದಲಿಸಿಬಿಡುತ್ತಿತ್ತು. ಅಲರ್ಜಿ ತಗ್ಗಿಸುತ್ತಿದ್ದುದೂ ಆ ಬದಲಾದ ವಸ್ತುವೇ!

ನನಗೆ ತುಂಬ ಇಷ್ಟವಾದ ಭಾಗ ಇನ್ನು ಮುಂದಿನದು. ಶಿಲೀಂಧ್ರದ ಕೋಶಪೊರೆಗೆ ಎರ್ಗೊಸ್ಟೆರಾಲ್ ಬೇಕು. ಅದನ್ನು ತಯಾರಿಸುವ ಒಂದು ಕಿಣ್ವವನ್ನು ತಡೆಯುವುದೇ ಕೀಟೋಕೊನಜೋಲ್‌ನ ಕೆಲಸ. ಆ ಕಿಣ್ವವೂ ನಮ್ಮ ಸಿವೈಪಿ3ಎ4 ಕೂಡ ಸೈಟೋಕ್ರೋಮ್ ಪಿ450 ಎಂಬ ಒಂದೇ ಮನೆತನದವು. ಔಷಧಕ್ಕೆ ದಾಯಾದಿಗಳ ಗುರುತು ಸಿಗದೆ ಎರಡನ್ನೂ ಕಟ್ಟಿಹಾಕಿತು. ಬದಲಾಗದ ಟರ್ಫೆನಡೀನ್ ನೇರ ಹೃದಯಕ್ಕೆ ತಲುಪಿತು.

ಆ ಬದಲಾದ ವಸ್ತುವಿನ ಹೆಸರು ಫೆಕ್ಸೊಫೆನಡೀನ್. ಪೊಟ್ಯಾಸಿಯಂ ದಾರಿಗೆ ಅಡ್ಡಬರದ ಅದು 1996ರಲ್ಲಿ ತಾನೇ ಮಾತ್ರೆಯಾಗಿ ಬಂತು. 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಟರ್ಫೆನಡೀನ್ ಹೊರಟುಹೋಯಿತು. ಮರುವರ್ಷ ಅದೇ ದೋಷದ ಅಸ್ಟೆಮಿಜೋಲ್ ಕೂಡ.

ಟರ್ಫೆನಡೀನ್ ಹೋಯಿತು, ಕಿಣ್ವ ಎಲ್ಲಿಗೆ ಹೋದೀತು? ಹುಳುಕಡ್ಡಿಗೆ ಈಗ ಹೆಚ್ಚಾಗಿ ಬರೆದುಕೊಡುವ ಇಟ್ರಾಕೊನಜೋಲ್ ಕೂಡ ಅದನ್ನೇ ತಡೆಯುತ್ತದೆ. ವಾಂತಿಗೆಂದು ಸಲೀಸಾಗಿ ನುಂಗುವ ಡೊಂಪೆರಿಡೋನ್ ಕರಗಬೇಕಾದದ್ದು ಅದೇ ಕಿಣ್ವದಿಂದ, ಆದ್ದರಿಂದ ಇವೆರಡೂ ಜೊತೆಗೆ ಕೂಡದು. ಮೆಡಿಕಲ್ ಶಾಪಿನಲ್ಲಿ "ವಾಂತಿಗೆ ಒಂದು ಮಾತ್ರೆ ಕೊಡಿ" ಎನ್ನುವವರು ಹುಳುಕಡ್ಡಿಯ ವಿಷಯ ಹೇಳುವುದುಂಟೇ? ನಾಚಿಕೆಗೆ ಮನೆಯಲ್ಲೂ ಹೇಳಿರುವುದಿಲ್ಲ.

ಹುಡುಗ ಮರುದಿನ ಹಳೆಯ ಚೀಟಿ ಹಿಡಿದು ಡಾಕ್ಟರ ಬಳಿ ಹೋದ. ಅವರು ಅದನ್ನು ಓದಿ ಸೆಟಿರಿಜಿನ್ ಬರೆದುಕೊಟ್ಟರಂತೆ. ಅದರ ಬಹುಪಾಲು ಬದಲಾಗದೆ ಮೂತ್ರದಲ್ಲೇ ಹೋಗುತ್ತದೆ, ಈ ಕಿಣ್ವದ ಹಂಗು ಅದಕ್ಕಿಲ್ಲ. "ಸ್ವಲ್ಪ ನಿದ್ದೆ ಬರ್ತದೆ ಸರ್" ಎಂದ. ನನ್ನ ತರಗತಿಯಲ್ಲಿ ಅದು ಮೊದಲೂ ಬರುತ್ತಿತ್ತು.