‘ವಿಂಟೇಜ್’ ಎಂದರೆ ಬೆಲೆ ಒಪ್ಪಬೇಡಿ

ಪ್ರಶ್ನೆ: 1985ರ ಕಾಂಟೆಸ್ಸಾ ನೋಡಿದ್ದೇನೆ. ‘ವಿಂಟೇಜ್ ಕಾರು, 1.8 ಇಸುಜು ಎಂಜಿನ್’ ಎಂದು ಒಂಬತ್ತು ಲಕ್ಷ ಕೇಳುತ್ತಿದ್ದಾರೆ. ಕೊಳ್ಳಲೇ?

ಉತ್ತರ: ಈ ಬೆಲೆಗೆ ಬೇಡ, ಮುಂಗಡವನ್ನೂ ಕೊಡಬೇಡಿ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ವಾಹನ ಮಾತ್ರ ವಿಂಟೇಜ್. ಇದಕ್ಕೆ ಇನ್ನೂ ಆ ವಯಸ್ಸಾಗಿಲ್ಲ. ಎಂಜಿನ್ನಿನ ಮಾತು ಇನ್ನೂ ಮುಖ್ಯ. ಆರಂಭದ ಕಾಂಟೆಸ್ಸಾಗಳಿಗೆ ಅಂಬಾಸಿಡರಿನ 1.5 ಲೀಟರ್ ಎಂಜಿನ್ನೇ ಇತ್ತು, ಇಸುಜು ಬಂದದ್ದು ಆಮೇಲೆ. ಹಾಗಾಗಿ ಎಂಜಿನ್ ಬದಲಾಗಿರಬೇಕು. ಅದು ಆರ್‌ಸಿಯಲ್ಲಿ ದಾಖಲಾಗಿದೆಯೇ? ಎಂಜಿನ್, ಚಾಸಿ ನಂಬರುಗಳನ್ನು ನೀವೇ ಕಣ್ಣಾರೆ ಓದಿ ತಾಳೆ ನೋಡಿ. ಹೊಂದದಿದ್ದರೆ ಅಲ್ಲಿಗೇ ಬಿಡಿ.

ಹೊಳೆಯುವ ಹೊಸ ಪೇಂಟಿಗೆ ಮರುಳಾಗಬೇಡಿ. ಬಾಗಿಲ ಕೆಳಅಂಚಿಗೆ, ಚಕ್ರದ ಕಮಾನಿಗೆ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿಯಿರಿ. ಅಂಟದ ಕಡೆ ಒಳಗಿರುವುದು ಪುಟ್ಟಿ. ಮ್ಯಾಟ್ ಎತ್ತಿ ನೆಲದ ತಗಡನ್ನು ಬೆರಳಲ್ಲಿ ಒತ್ತಿ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಗಾಜು, ಬೀಡಿಂಗ್, ದೀಪದಂಥ ಬಿಡಿಭಾಗ ಸಿಗುವುದು ಕಷ್ಟ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಎಫ್‌ಸಿ, ವಿಮೆ, ಸಾಲದ ನಮೂದು ಪರಿವಹನ್ ತಾಣದಲ್ಲಿ ಸಿಗುತ್ತದೆ. ಹಳೇ ಕಾರು ಬಲ್ಲ, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ತೋರಿಸಿ. ಆರ್‌ಸಿಯಲ್ಲಿರುವ ಮಾಲೀಕರು ತೀರಿಕೊಂಡಿದ್ದರೆ, ಮೊದಲು ವಾರಸುದಾರರ ಹೆಸರಿಗೆ ವರ್ಗವಾಗಲಿ. ಅವರಲ್ಲಿ ತಕರಾರಿದ್ದರೆ ವಕೀಲರನ್ನು ಕಾಣದೆ ಸಹಿ ಹಾಕಬೇಡಿ.